ಕುಕ್ಕರಿನ ಬಾಯಲ್ಲಿ ನೀಲಕ್ಕನ ಸಹಿ

ನಮ್ಮ ಊರಿಗೆ ಹೊಸಬರು ಯಾರೇ ಬರಲಿ, ಬಸ್ಸಿಳಿದ ಕೂಡಲೇ ನಾನು ಒಂದು ಮಾತು ಹೇಳುತ್ತಿದ್ದೆ: ಇಲ್ಲಿ ಸುಮ್ಮಸುಮ್ಮನೆ ಶಿಳ್ಳೆ ಹಾಕಬೇಡಿ. ಹಾಕಿದರೆ ಬೀದಿಯಲ್ಲಿದ್ದ ಫೋನುಗಳೆಲ್ಲ ಒಮ್ಮೆಲೇ ಬೆಳಗಿ, ಇದು ಯಾರ ಸಹಿ, ಯಾರಿಗೆ ಎಷ್ಟು ಕೊಡಬೇಕು ಎಂದು ಕೇಳುತ್ತಿದ್ದವು. ಹೊಸಬರು ಬೆಚ್ಚಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದನ್ನು ನೋಡುವುದೇ ಒಂದು ಮಜಾ.

ನಮ್ಮಲ್ಲಿ ನೋಟಿಲ್ಲ, ಚಿಲ್ಲರೆಯಿಲ್ಲ, ಬ್ಯಾಂಕಿಲ್ಲ. ಹೊರಗಿನವರು ಕ್ರಿಪ್ಟೊ ಎಂದು ದೊಡ್ಡ ಹೆಸರಿಟ್ಟು ಕರೆಯುವುದನ್ನು ನಾವು ಬರೀ ನಾಣ್ಯ ಎನ್ನುತ್ತೇವೆ. ಅದು ಊರಿನ ಫೋನುಗಳ ಜಾಲದಲ್ಲಿ ತಾನೇ ಓಡಾಡಿಕೊಂಡಿರುತ್ತದೆ. ಕೊಡುವವರು ಫೋನು ತೆಗೆದು ತಮ್ಮ ಶಿಳ್ಳೆ ಹಾಕಬೇಕು, ಅದೇ ಸಹಿ. ಊರಿನ ಫೋನುಗಳೆಲ್ಲ ಅದನ್ನು ಕೇಳಿ, ಹೌದು ಇದು ಇವರದೇ ಎಂದು ಒಪ್ಪಿ 'ಟಿಣ್' ಎಂದರೆ ಮುಗಿಯಿತು. ಹದಿನೆಂಟು ತುಂಬಿದ ದಿನ ಪ್ರತಿಯೊಬ್ಬರೂ ಒಂದು ಶಿಳ್ಳೆ ಆರಿಸಿಕೊಳ್ಳುತ್ತಿದ್ದರು. ಆಮೇಲೆ ಸಾಯುವವರೆಗೂ ಅದನ್ನು ಖುಷಿಗೆ ಹಾಕುವಂತಿಲ್ಲ, ಹಾಡಿಗೆ ಹಾಕುವಂತಿಲ್ಲ, ಪ್ರೀತಿಸಿದವಳು ಎದುರಿಗೆ ಬಂದರೂ ಹಾಕುವಂತಿಲ್ಲ. ನನ್ನ ಮದುವೆ ತಡವಾದದ್ದು ಇದರಿಂದಲೇ ಎಂದು ನಾನು ಇವತ್ತಿಗೂ ವಾದಿಸುತ್ತೇನೆ.

ನನ್ನ ಹೆಸರು ರುದ್ರಮುನಿ. ಹಲ್ಲಿನ ಸೆಟ್ಟು ಮಾಡುವುದು ನನ್ನ ಕಸುಬು. ಡಾಕ್ಟರು ಕೀಳುತ್ತಾರೆ, ನಾನು ಕಟ್ಟುತ್ತೇನೆ. ನನ್ನ ಪಕ್ಕದ ಮನೆಯಲ್ಲಿ ನೀಲಕ್ಕ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದಾಳೆ. ಅರವತ್ತಾರು ವರ್ಷ, ದಪ್ಪ ಕನ್ನಡಕ, ಊರಿಗೇ ಕೇಳುವ ನಗು. ಅವಳ ಶಿಳ್ಳೆಯಂಥ ಶಿಳ್ಳೆ ಊರಿನಲ್ಲಿ ಇನ್ನೊಂದಿರಲಿಲ್ಲ. ಎರಡು ಸಲ ಏರಿ, ಒಂದು ಸಲ ಜಾರಿ, ಕೊನೆಗೆ ಕತ್ತರಿ ಆಡಿಸಿದ ಹಾಗೆ ಟಕ್ಕನೆ ನಿಲ್ಲುತ್ತಿತ್ತು. ಯಾರಿಂದಲೂ ಅದನ್ನು ನಕಲು ಮಾಡಲಾಗದು ಎಂಬ ಧೈರ್ಯದಿಂದಲೇ ನಮ್ಮ ಬೀದಿಯ ಹತ್ತು ಹೆಂಗಸರು ಒಂಬತ್ತು ವರ್ಷ ಕೂಡಿಟ್ಟ ನಾಣ್ಯವನ್ನೆಲ್ಲ ನೀಲಕ್ಕನ ಸಹಿಯ ಅಡಿಯಲ್ಲೇ ಇಟ್ಟಿದ್ದರು. ಅವಳೂ ಸೇರಿ ಹನ್ನೊಂದು ಜನ. ಅವರಲ್ಲಿ ಒಬ್ಬಳೂ ಸಮುದ್ರ ನೋಡಿರಲಿಲ್ಲ. ಬಸ್ಸು ಮಾಡಿಕೊಂಡು ಹೋಗಿ ನೋಡಬೇಕು, ಗಂಡಂದಿರನ್ನು ಕರೆದುಕೊಂಡು ಹೋಗಬಾರದು, ಇಷ್ಟೇ ಅವರ ಯೋಜನೆ.

ಹೀಗಿರುವಾಗ ಒಂದು ಬೆಳಿಗ್ಗೆ ಡ್ರಾಯಿಂಗ್ ಮೇಷ್ಟರ ಮನೆಯಲ್ಲಿ ಕುಕ್ಕರ್ ಮೂರನೆಯ ಸಲ ಕೂಗುವಾಗ ಮೇಷ್ಟರ ಶಿಳ್ಳೆಯನ್ನೇ ಹಾಕಿಬಿಟ್ಟಿತು. ಮೇಷ್ಟರು ಆಗ ಫೋನಿನಲ್ಲಿ ಸೋಫಾ ನೋಡುತ್ತಿದ್ದರಂತೆ, ಬರೀ ನೋಡುತ್ತಿದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಮನೆ ಮುಂದೆ ಸೋಫಾ ಬಂದಿಳಿಯಿತು. ಆ ವಾರ ಕಳೆಯುವಷ್ಟರಲ್ಲಿ ಊರಿನ ಎಲ್ಲ ಕುಕ್ಕರುಗಳೂ ತಂತಮ್ಮ ಮನೆಯವರ ಸಹಿ ಹಾಕತೊಡಗಿದವು. ಬೇಳೆ ಬೇಯಿಸಲು ಇಟ್ಟವರು ಬೇಳೆಗಿಂತ ಹೆಚ್ಚು ತಾವೇ ಬೆಂದರು.

ಜಾಲವನ್ನು ನೋಡಿಕೊಳ್ಳುವವಳು ವಾರಿಜಾ, ಹಿಟ್ಟಿನ ಗಿರಣಿಯವರ ಮಗಳು. ಓದಿದವಳು, ತಾಳ್ಮೆಯವಳು. ಊರಿನವರನ್ನೆಲ್ಲ ಶಾಲೆಯ ಅಂಗಳದಲ್ಲಿ ಸೇರಿಸಿ ಹೇಳಿದಳು.

"ಕುಕ್ಕರ್‌ಗಳ ಮೇಲೆ ಸಿಟ್ಟು ಮಾಡ್ಕೋಬೇಡಿ. ವರ್ಷಗಟ್ಲೆ ಅವುಗಳ ಪಕ್ಕ ನಿಂತು ಒಂದೇ ಶಿಳ್ಳೆ ಹಾಕಿದ್ದೀವಿ. ಕೇಳಿ ಕೇಳಿ ಕಲ್ತಿವೆ. ಇವತ್ತು ಕುಕ್ಕರ್ ಕಲ್ತಿದೆ, ನಾಳೆ ಇನ್ನೊಂದು ಕಲಿಯುತ್ತೆ. ಹಳೇ ಸಹಿಗೆ ವಯಸ್ಸಾಯ್ತು. ನಾವು ಹೊಸ ಸಹಿಗೆ ಹೋಗ್ಬೇಕು."

ಯಾರಿಗೆ ಬೇಕಾಗಿತ್ತು ಈ ಉಪದೇಶ? ಜನಕ್ಕೆ ಕೈಗೆ ಸಿಕ್ಕಿದ್ದು ಕುಕ್ಕರು. ಎಲ್ಲರೂ ಗುಜರಿ ಪಾಪಣ್ಣನ ಅಂಗಡಿಗೆ ಕುಕ್ಕರು ಒಯ್ದು ಒಪ್ಪಿಸಬೇಕು, ಒಂದು ಮನೆಯಲ್ಲೂ ಉಳಿಯಕೂಡದು ಎಂದು ತೀರ್ಮಾನವಾಯಿತು. ಅಂದು ಬೆಳಿಗ್ಗೆ ನೀಲಕ್ಕ ಇಸ್ತ್ರಿಯ ಕೆಲಸದಲ್ಲಿ ಮುಳುಗಿದ್ದಳು. "ರುದ್ರ, ಹೆಂಗೂ ಹೋಗ್ತಿದ್ದೀಯಲ್ಲ, ನಂದೂ ಒಯ್ದು ಕೊಟ್ಬಿಡೋ," ಎಂದು ತನ್ನ ಐದು ಲೀಟರಿನ ಕುಕ್ಕರನ್ನು ನನ್ನ ಕೈಗಿತ್ತಳು.

ಇಲ್ಲಿ ನಾನೊಂದು ಕೆಲಸ ಮಾಡಿದೆ. ಹಲ್ಲಿನ ಸೆಟ್ಟು ಗಟ್ಟಿಯಾಗಬೇಕಾದರೆ ಅದನ್ನು ಹಬೆಯಲ್ಲಿ ಬೇಯಿಸಬೇಕು. ಕುಕ್ಕರಿಲ್ಲದೆ ನನ್ನ ಕಸುಬಿಲ್ಲ. ನನ್ನದು ತಳ ಸವೆದದ್ದು, ಅವಳದು ದಪ್ಪ ತಳದ್ದು. ಪಾಪಣ್ಣನಿಗೆ ನನ್ನದನ್ನು ಕೊಟ್ಟು, ನೀಲಕ್ಕನದನ್ನು ಪ್ಲಾಸ್ಟರ್ ಮೂಟೆಯ ಹಿಂದೆ ಬಚ್ಚಿಟ್ಟೆ. ಕೂಗಿದರೆ ಸಿಕ್ಕಿಬೀಳುತ್ತೇನೆ. ಮುಚ್ಚಳದ ಮೇಲೆ ಕೂತು ಕೂಗುವ ಗುಂಡು ಇದೆಯಲ್ಲ, ನಾವು ವಿಷಲ್ ಎನ್ನುವುದು, ಅದರ ಬಾಯಿಗೆ ವಸಡು ಮಾಡುವ ಗುಲಾಬಿ ಹಿಟ್ಟನ್ನು ಮೆತ್ತಿದೆ. ಹಬೆ ಬದಿಯಿಂದ ಸದ್ದಿಲ್ಲದೆ ಸೋರಿಕೊಂಡು ಹೋಗುವಷ್ಟು ಸಂದಿ ಮಾತ್ರ ಬಿಟ್ಟೆ. ಕಳ್ಳತನವೇ, ಒಪ್ಪುತ್ತೇನೆ. ಆದರೆ ಅಚ್ಚುಕಟ್ಟಾದ ಕಳ್ಳತನ.

ಅದಾಗಿ ತಿಂಗಳಿಗೆ ನೀಲಕ್ಕನ ಮುಂದಿನ ಹಲ್ಲುಗಳು ಅಲ್ಲಾಡತೊಡಗಿದವು. "ಕೀಳಿಸಿಬಿಡಿ ಅಕ್ಕ, ದೇವರು ಕೊಟ್ಟದ್ದಕ್ಕಿಂತ ಒಳ್ಳೇದು ನಾನು ಕೊಡ್ತೀನಿ," ಎಂದು ಜಂಬ ಕೊಚ್ಚಿದೆ. ನನ್ನ ಮಾತು ನಂಬಿ ಕೀಳಿಸಿದಳು. ಸರಿಯಾಗಿ ಎಂಟು ದಿನಕ್ಕೆ ವಾರಿಜಾ ಹೊಸ ಸಹಿಯನ್ನು ಜಾರಿಗೆ ತಂದಳು.

ಹೊಸ ಸಹಿ ಎಂದರೆ ಚಪ್ಪಾಳೆ. ಎಲ್ಲರಿಗೂ ಒಂದೊಂದು ಪುಸ್ತಕ ಕೊಟ್ಟಳು. ಪುಟಕ್ಕೊಂದು ತಾಳ, ಒಬ್ಬರ ಪುಸ್ತಕದಲ್ಲಿದ್ದದ್ದು ಇನ್ನೊಬ್ಬರದರಲ್ಲಿಲ್ಲ. ಒಂದು ಪುಟವನ್ನು ಒಂದೇ ಸಲ ಬಳಸಬೇಕು, ಬಳಸಿ ಹರಿದು ಹಾಕಬೇಕು. ಕದ್ದು ಕೇಳಿಸಿಕೊಂಡರೂ ಕಲಿತರೂ ಏನೂ ಲಾಭವಿಲ್ಲ, ಯಾಕೆಂದರೆ ಆ ತಾಳ ಮತ್ತೆ ನಡೆಯುವುದೇ ಇಲ್ಲ. ತೊಂದರೆಯೆಂದರೆ ಉದ್ದ. ಹಳೇ ಸಹಿ ಒಂದು ಉಸಿರಿನಲ್ಲಿ ಮುಗಿಯುತ್ತಿತ್ತು, ಇದಕ್ಕೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಬೇಕು. ತರಕಾರಿ ಅಂಗಡಿಯ ಮುಂದೆ ಸಾಲು ಬೆಳೆಯಿತು. ಸಾಲಿನಲ್ಲಿ ನಿಂತವರು ಮಾತಾಡತೊಡಗಿದರು. ಇಪ್ಪತ್ತು ವರ್ಷ ಮುಖ ತಿರುಗಿಸಿಕೊಂಡು ಓಡಾಡಿದ ಇಬ್ಬರು ಷಡ್ಡಕರು ಅಲ್ಲೇ ರಾಜಿಯಾದರು. ಕೆಲವರು ತಮಗೆ ಇಷ್ಟವಾದ ತಾಳವನ್ನು ಹರಿಯಲು ಮನಸ್ಸು ಬಾರದೆ ಎರಡನೆಯ ಸಲ ಹೊಡೆದು, ಫೋನು ಒಪ್ಪದಿದ್ದಾಗ ವಾರಿಜಾಳ ಮೇಲೆ ರೇಗುತ್ತಿದ್ದರು.

ಹಳೇ ಸಹಿಯಿಂದ ಹೊಸದಕ್ಕೆ ನಾಣ್ಯ ಸಾಗಿಸಲು ಕೊನೆಯದಾಗಿ ಒಂದು ಸಲ ಹಳೇ ಶಿಳ್ಳೆ ಹಾಕಬೇಕಾಗಿತ್ತು. ಆರು ವಾರದ ಗಡುವು. ಆರನೆಯ ಶನಿವಾರ ಮಧ್ಯಾಹ್ನ ಹನ್ನೆರಡಾದ ಮೇಲೆ ಫೋನುಗಳು ಶಿಳ್ಳೆಗೆ ಕಿವುಡಾಗುತ್ತವೆ, ಹಳೇ ಸಹಿಯಡಿ ಉಳಿದದ್ದು ಯಾರ ಕೈಗೂ ಸಿಗದೆ ಅಲ್ಲೇ ಉಳಿಯುತ್ತದೆ.

ನೀಲಕ್ಕ ಹೆದರಲಿಲ್ಲ. ನನ್ನ ಮೇಲೆ ಅಷ್ಟು ಭರವಸೆ. ಮೊದಲನೆಯ ಸೆಟ್ಟು ಹಾಕಿಕೊಂಡು ಊದಿದಳು, ಟ್ಯೂಬಿನಿಂದ ಗಾಳಿ ಹೋದ ಸದ್ದು ಬಂತು. ಎರಡನೆಯದು ಶಿಳ್ಳೆಯ ಜೊತೆಗೆ ತಾನೂ ಹಾರಿ ಇಸ್ತ್ರಿ ಮೇಜಿನ ಮೇಲೆ ಬಿತ್ತು. ಮೂರನೆಯದರಲ್ಲಿ ಶಿಳ್ಳೆಯೇನೋ ಬಂತು, ಆದರೆ ಅವಳದಲ್ಲ. ಊರಿನ ಒಂದು ಫೋನೂ 'ಟಿಣ್' ಎನ್ನಲಿಲ್ಲ. ಅಷ್ಟರಲ್ಲಿ ಐದು ವಾರ ಕಳೆದು ಆರನೆಯ ಶುಕ್ರವಾರ ಬಂದಿತ್ತು.

ಆ ದಿನ ನೀಲಕ್ಕ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಮೊದಲ ಸಲ ಅತ್ತಳು. "ನಂದು ಹೋದ್ರೆ ಹೋಗ್ಲಿ ಕಣೋ. ಆ ಹತ್ತು ಜನ ನನ್ನ ನಂಬ್ಕೊಂಡು ಇಟ್ಟಿದ್ದು. ಜಯಮ್ಮ ಹೂ ಕಟ್ಟಿ ಕಟ್ಟಿ ಇಟ್ಟಿದ್ದು. ಅವ್ಳಿಗೆ ಹೆಂಗೆ ಮುಖ ತೋರಿಸ್ಲಿ?"

ನಾನು ಕೂಡಲೇ ವಾರಿಜಾಳನ್ನು ಕರೆಸಿದೆ. ಅವಳು ಗಲ್ಲದ ಮೇಲೆ ಕೈಯಿಟ್ಟು ಯೋಚಿಸಿ, ಥಟ್ಟನೆ ಎದ್ದು ನಿಂತಳು.

"ನೀಲಕ್ಕ, ನಿಮ್ಮ ಶಿಳ್ಳೆ ನಿಮ್ಮ ಬಾಯಿಗೆ ಬರದಿದ್ರೂ ನಿಮ್ಮ ಕುಕ್ಕರಿಗೆ ನೆನಪಿರುತ್ತೆ! ಯಾವ ಕಾಟದಿಂದ ಹಳೇ ಸಹಿ ಬಿಡ್ತಿದ್ದೀವೋ, ಅದೇ ಕಾಟ ಇವತ್ತು ನಮ್ಮ ಕೆಲಸಕ್ಕೆ ಬರುತ್ತೆ. ನಾಳೆ ಮಧ್ಯಾಹ್ನದವರೆಗೂ ಫೋನು ಶಿಳ್ಳೆ ಒಪ್ಪುತ್ತೆ. ನಾಣ್ಯ ನಿಮ್ಮದು, ಶಿಳ್ಳೆ ನಿಮ್ಮದು, ಯಾರ ಬಾಯಿಂದ ಬಂದ್ರೇನು?"

"ಅದು ಪಾಪಣ್ಣನ ಗುಜರೀಲಿದೆಯಲ್ಲ. ರುದ್ರನೇ ಕೊಟ್ಟು ಬಂದಿದ್ದು," ಎಂದು ನೀಲಕ್ಕ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದಳು.

ಅದು ಅವಳಿಂದ ಮೂರು ಮಾರು ದೂರದಲ್ಲಿ, ಪ್ಲಾಸ್ಟರ್ ಮೂಟೆಯ ಹಿಂದೆ ಇತ್ತು. ಅವಳ ಮೂರೂ ಸೆಟ್ಟನ್ನು ನಾನು ಬೇಯಿಸಿದ್ದು ಅದರಲ್ಲೇ. ಆಗಲೇ ಬಾಯಿಬಿಟ್ಟಿದ್ದರೆ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ನಾನು ಬಿಡಲಿಲ್ಲ. ನಾಚಿಕೆ ಅಡ್ಡ ಬಂತು.

"ಇಡೀ ಕುಕ್ಕರ್ ಬೇಕಾಗಲ್ಲ, ಕಲಿತಿರೋದು ವಿಷಲ್ ಮಾತ್ರ," ಎಂದು ವಾರಿಜಾ ಹೇಳಿದ್ದು ಕೇಳಿ ನನಗೆ ಮಹಾ ಉಪಾಯ ಹೊಳೆಯಿತು. ಅವರಿಬ್ಬರೂ ಹೋದ ಮೇಲೆ ವಿಷಲ್ ಕಿತ್ತು ಜೇಬಿಗೆ ಹಾಕಿಕೊಂಡು ಪಾಪಣ್ಣನ ಗುಜರಿಗೆ ಹೋದೆ. ಅಲ್ಲಿ ಅದನ್ನು ಯಾವುದಾದರೂ ಮೂಲೆಯಲ್ಲಿ ಇಟ್ಟು, ನಾಳೆ ನಾನೇ ಕಂಡುಹಿಡಿದ ಹಾಗೆ ಮಾಡಿದರೆ ಮಾನವೂ ಉಳಿಯಿತು, ಹೆಸರೂ ಬಂತು. ಆದರೆ ಪಾಪಣ್ಣ ಶಿಸ್ತಿನ ಮನುಷ್ಯ. ಪಾತ್ರೆಗಳನ್ನು ಒಂದು ರಾಶಿ, ಮುಚ್ಚಳಗಳನ್ನು ಇನ್ನೊಂದು ರಾಶಿ ಮಾಡಿ, ವಿಷಲ್‌ಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿಸುತ್ತಿದ್ದ. ನನ್ನ ಕೈಯಲ್ಲಿದ್ದದ್ದನ್ನು ನೋಡಿ, "ಓ, ಒಂದು ಕೆಳಗೆ ಬಿದ್ದಿತ್ತೇನಪ್ಪ? ಹಾಕು ಹಾಕು," ಎಂದು ಇಸಿದುಕೊಂಡು ಚೀಲಕ್ಕೆ ಎಸೆದು, ಎರಡು ಸಲ ಚೆನ್ನಾಗಿ ಕುಲುಕಿ ಬಾಯಿ ಕಟ್ಟಿದ. ಒಳಗೆ ನಾನೂರಕ್ಕೂ ಹೆಚ್ಚು ವಿಷಲ್ ಇದ್ದವು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಇಡೀ ಬೀದಿ ಪಾಪಣ್ಣನ ಅಂಗಳದಲ್ಲಿತ್ತು. ಅವನು ಎರಡೂ ಕೈ ಅಡ್ಡ ಹಿಡಿದ. "ಹತ್ತು ಗಂಟೆಗೆ ಲಾರಿ ಬರುತ್ತೆ ಕಣಮ್ಮ. ಮಾಲು ತೂಗಿ ಮುಂಗಡ ತಗೊಂಡಿದ್ದೀನಿ. ಲಾರಿ ಬರೋವರೆಗೂ ಏನಾದ್ರೂ ಮಾಡ್ಕೊಳ್ಳಿ, ಆಮೇಲೆ ನನ್ನ ಕೇಳ್ಬೇಡಿ."

ಮೂವತ್ತು ಒಲೆಗಳು ಹೊತ್ತಿಕೊಂಡವು. ರಾಶಿಯಿಂದ ಮೂವತ್ತು ಪಾತ್ರೆ, ಮೂವತ್ತು ಮುಚ್ಚಳ ಆರಿಸಿದೆವು. ಬರೀ ನೀರು ಕಾಯಿಸುವುದು ದಂಡ ಎಂದು ಒಬ್ಬರು ಅವರೆಕಾಳು ತಂದರು, ಒಬ್ಬರು ಆಲೂಗಡ್ಡೆ, ಜಯಮ್ಮ ಹೂವಿನ ಬುಟ್ಟಿಯಲ್ಲೇ ಬೇಳೆ ತಂದಳು. ಒಂದು ವಿಷಲ್ ಕೂಗಿದ ಕೂಡಲೇ ಇಕ್ಕಳದಿಂದ ಎತ್ತಿ ಇನ್ನೊಂದನ್ನು ಕೂರಿಸುವುದು. ಊರಿನ ಸಹಿಗಳೆಲ್ಲ ಒಂದೊಂದಾಗಿ ಆಕಾಶಕ್ಕೆ ಏರತೊಡಗಿದವು. ಇನ್ನೂ ಹೊಸ ಸಹಿಗೆ ಹೋಗದ ಸೋಮಾರಿಗಳು ಊರಿನಲ್ಲಿ ಅರ್ಧದಷ್ಟಿದ್ದರು. ತಮ್ಮ ಶಿಳ್ಳೆ ಯಾವ ಗಳಿಗೆಯಲ್ಲಿ ಯಾವ ಒಲೆಯಿಂದ ಹೊರಡುತ್ತದೋ ಎಂದು ಹೆದರಿ, ಅಲ್ಲೇ ನಿಂತು ಕೊನೆಯ ಶಿಳ್ಳೆ ಹಾಕಿ, ಪುಸ್ತಕ ತೆರೆದು ಚಪ್ಪಾಳೆ ಹೊಡೆದರು. ಆರು ವಾರ ಗಂಟಲು ಹರಿದುಕೊಂಡರೂ ಆಗದ ಕೆಲಸ ಒಂದು ಗಂಟೆಯಲ್ಲಿ ಆಗುವುದನ್ನು ನೋಡಿ ವಾರಿಜಾ ಅವರೆಕಾಳು ತಿನ್ನುತ್ತ ನಿಂತುಬಿಟ್ಟಳು.

ಹತ್ತು ಗಂಟೆಗೆ ಲಾರಿ ಬಂದು ಹಾರನ್ ಹೊಡೆಯಿತು. "ಆಯ್ತು, ಇಳಿಸಿ ಎಲ್ಲಾ," ಎಂದು ಪಾಪಣ್ಣ ಮುಂದೆ ಬಂದ. ಆಗಲೇ ಬಾವಿಕಟ್ಟೆಯ ಬಳಿಯ ಒಲೆಯಿಂದ ಒಂದು ಶಿಳ್ಳೆ ಬಂತು. ಮೆಲ್ಲಗೆ ಶುರುವಾಗಿ, ಯಾರನ್ನೋ ಊಟಕ್ಕೆ ಕರೆಯುವ ಹಾಗೆ ಕೊನೆಗೆ ತುಸು ಎಳೆದು ನಿಂತಿತು. ಪಾಪಣ್ಣ ಎತ್ತಿದ ಕೈಯನ್ನು ಹಾಗೇ ಹಿಡಿದು ನಿಂತ. ಅವನ ಹೆಂಡತಿ ಶಾರದಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

"ಇನ್ನೊಂದ್ಸಲ ಕೂಗ್ಸಿ," ಎಂದ. ಕೂಗಿಸಿದೆವು. ಮತ್ತೊಂದು ಸಲ ಎಂದ. ಮತ್ತೆ ಕೂಗಿಸಿದೆವು, ನನ್ನ ಕಣ್ಣೂ ತುಂಬಿತು. ಆಮೇಲೆ ಅವನು ಆ ಬಿಸಿ ವಿಷಲನ್ನು ಟವೆಲಿನಲ್ಲಿ ಸುತ್ತಿ ಎದೆಯ ಜೇಬಿಗೆ ಹಾಕಿಕೊಂಡು, ಲಾರಿಯವನ ಹತ್ತಿರ ಹೋಗಿ, ಮುಂಗಡ ವಾಪಸು ಕೊಡುತ್ತೇನೆ ಹೋಗಪ್ಪ ಎಂದು ಕಳಿಸಿಬಿಟ್ಟ. ಬಂದವನೇ ತಾನೂ ಒಂದು ಒಲೆಯ ಮುಂದೆ ಕೂತ. "ಕೂಗದೆ ಇರೋ ಮೂಕ ವಿಷಲ್‌ಗಳನ್ನ ಈ ಬಾಣಲೆಗೆ ಹಾಕಿ, ಹೊತ್ತು ದಂಡ ಆಗುತ್ತೆ," ಎಂದು ಶಿಸ್ತು ಕಲಿಸಿದ.

ಹನ್ನೊಂದೂವರೆಗೆ ಚೀಲ ಬರಿದಾಯಿತು. ನೀಲಕ್ಕನ ಶಿಳ್ಳೆ ಬರಲಿಲ್ಲ. ಹತ್ತು ಹೆಂಗಸರೂ ನೀಲಕ್ಕನ ಸುತ್ತ ನಿಂತಿದ್ದರು. "ಹೋಗ್ಲಿ ಬಿಡಕ್ಕ, ಸಮುದ್ರ ಎಲ್ಲಿಗೂ ಓಡಿಹೋಗಲ್ಲ, ಇನ್ನೊಂದ್ ಒಂಬತ್ತು ವರ್ಷ ಕೂಡಿಟ್ರಾಯ್ತು," ಎಂದಳು ಜಯಮ್ಮ. ಅವಳಿಗೆ ಎಪ್ಪತ್ತೊಂದು ವರ್ಷ. ಆ ಮಾತು ಕೇಳಿ ನೀಲಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮೂಕ ವಿಷಲ್! ಅಲ್ಲಿಯವರೆಗೆ ನನ್ನ ದಡ್ಡ ತಲೆಗೆ ಅದು ಹೊಳೆದಿರಲಿಲ್ಲ. ಸಿಕ್ಕಿಬೀಳುವ ಗಾಬರಿಯಲ್ಲಿ ನಾನೇ ಮೆತ್ತಿದ್ದ ಹಿಟ್ಟನ್ನು ನಾನೇ ಮರೆತಿದ್ದೆ. ಬಾಣಲೆಯ ಬಳಿ ಓಡಿ ಬಗ್ಗಿ ನೋಡಿದೆ. ಇಪ್ಪತ್ತು ಮೂವತ್ತು ಕೆಟ್ಟ ವಿಷಲ್‌ಗಳ ನಡುವೆ ಒಂದರ ಬಾಯಿ ಮಾತ್ರ ಎಳೆಗೂಸಿನ ವಸಡಿನ ಹಾಗೆ ಗುಲಾಬಿಯಾಗಿತ್ತು. ಅದನ್ನು ಎತ್ತಿದರೆ ಆ ಹಿಟ್ಟು ಎಲ್ಲಿಂದ ಬಂತೆಂದು ಎಲ್ಲರಿಗೂ ತಿಳಿಯುತ್ತದೆ. ಊರಿನಲ್ಲಿ ಆ ಹಿಟ್ಟು ಇರುವುದು ನನ್ನೊಬ್ಬನ ಬಳಿ. ಎತ್ತಿದೆ.

"ನೀಲಕ್ಕ, ಇದೇ ನಿಮ್ಮದು. ಕುಕ್ಕರ್ ನಾನು ಕೊಟ್ಟೇ ಇರ್ಲಿಲ್ಲ. ನಂದು ಕೊಟ್ಟು ನಿಮ್ಮದು ಇಟ್ಕೊಂಡಿದ್ದೆ. ಬಾಯಿ ಮುಚ್ಚಿದ್ದೂ ನಾನೇ, ನಿನ್ನೆ ಚೀಲಕ್ಕೆ ಬಿಟ್ಟಿದ್ದೂ ನಾನೇ. ಬೈಯೋದು ಹನ್ನೆರಡಾದ ಮೇಲೆ ಬೈಯಿರಿ," ಎಂದು ಒಂದೇ ಉಸಿರಿಗೆ ಹೇಳಿ, ಅಂಗಡಿಗೆ ಓಡಿ, ಸೆಟ್ಟು ತೀಡುವ ಸಣ್ಣ ಡ್ರಿಲ್ ತಂದೆ. ಗುಲಾಬಿ ಪುಡಿ ಉದುರಿ, ತೂತು ತೆರೆದಾಗ ಹನ್ನೆರಡಕ್ಕೆ ಒಂಬತ್ತು ನಿಮಿಷ.

ಜಯಮ್ಮನ ಬೇಳೆಯ ಮೇಲೆ ಅದನ್ನು ಕೂರಿಸಿದೆವು. ನೀಲಕ್ಕ ಎರಡೂ ಕೈಯಲ್ಲಿ ಫೋನು ಹಿಡಿದು ಒಲೆಯ ಮುಂದೆ ಕೂತಳು. ಮೊದಲು ಬರೀ ಹಬೆ. ಆಮೇಲೆ ಒಂದು ಗೊರಗೊರ. ಹನ್ನೆರಡಕ್ಕೆ ಮೂರು ನಿಮಿಷ ಇದ್ದಾಗ ಅದು ಎರಡು ಸಲ ಏರಿತು, ಒಂದು ಸಲ ಜಾರಿತು, ಟಕ್ಕನೆ ನಿಂತಿತು.

ಊರಿನ ಫೋನುಗಳೆಲ್ಲ ಒಟ್ಟಿಗೆ 'ಟಿಣ್' ಎಂದವು.

"ಚಪ್ಪಾಳೆ, ಚಪ್ಪಾಳೆ ಹೊಡೀರಿ!" ಎಂದು ವಾರಿಜಾ ಕೂಗಿದಳು. "ಒಬ್ಬರೇ ಬೇಡ, ಹನ್ನೊಂದೂ ಜನ ಸೇರಿ! ಎಲ್ಲರದೂ ಸೇರಿ ಒಂದೇ ಸಹಿ ಆಗೋ ಹಾಗೆ ಮಾಡಿದ್ದೀನಿ. ನಾಳೆ ಯಾರಿಗಾದ್ರೂ ಬರೋಕಾಗದೆ ಇದ್ರೆ ಎಂಟು ಜನ ಸೇರಿದ್ರೂ ಸಾಕು. ಇನ್ಮೇಲೆ ಒಬ್ಬರ ಹಲ್ಲಿನ ಮೇಲೆ ಎಲ್ಲರ ಸಮುದ್ರ ನಿಲ್ಲೋದು ಬೇಡ."

ಹನ್ನೊಂದು ಜನ ಹೊಡೆದರು. ತಾಳ ತಪ್ಪಿದವರನ್ನು ಪಕ್ಕದವರು ಮೊಣಕೈಯಿಂದ ತಿವಿದು ಸರಿದಾರಿಗೆ ತಂದರು. ಕೊನೆಯ ಚಪ್ಪಾಳೆ ಬಿದ್ದು ಫೋನು ಒಪ್ಪಿದ ಮೇಲೆ, ಶಾಲೆಯ ಹನ್ನೆರಡರ ಗಂಟೆ ಬಾರಿಸಿತು. ನೀಲಕ್ಕ ನನ್ನ ಹತ್ತಿರ ಬಂದು ನಿಂತಳು. ನಾನು ತಲೆ ತಗ್ಗಿಸಿದೆ.

"ಅಲ್ಲ ಕಣೋ," ಎಂದಳು, ಮುಂದಿನ ಹಲ್ಲಿಲ್ಲದ ಬಾಯಿಂದ ಗಾಳಿ ಸೋರುತ್ತ, "ನನ್ನ ಹಲ್ಲು ನನ್ನ ಕುಕ್ಕರಲ್ಲೇ ಬೇಯಿಸಿ, ನನ್ನ ಹತ್ರಾನೇ ದುಡ್ಡು ಇಸ್ಕೊಂಡ್ಯಾ?" ಅಷ್ಟು ಹೇಳಿ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಅಂಗಳವೆಲ್ಲ ನಕ್ಕಿತು. ಬೆಂದಿದ್ದನ್ನೆಲ್ಲ ಒಟ್ಟಿಗೆ ಸುರಿದು ಒಗ್ಗರಣೆ ಹಾಕಿದ್ದರಿಂದ ಊರಿಗೆಲ್ಲ ಅಲ್ಲೇ ಊಟವಾಯಿತು.

ಮಾಡಿದ ತಪ್ಪಿಗೆ ನನಗೆ ಶಿಕ್ಷೆಯೂ ಆಯಿತು: ನಾಲ್ಕನೆಯ ಸೆಟ್ಟು ಬಿಟ್ಟಿ ಮಾಡಿಕೊಡಬೇಕು, ಬಸ್ಸಿನಲ್ಲಿ ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡು ಸಮುದ್ರದವರೆಗೂ ಹೋಗಬೇಕು, ಅಲ್ಲಿ ಹನ್ನೊಂದು ಜನಕ್ಕೂ ಅಡುಗೆ ಮಾಡಬೇಕು. ಗಂಡಸರಿಗೆ ಪ್ರವೇಶವಿಲ್ಲದ ಬಸ್ಸಿನಲ್ಲಿ ಅಡುಗೆಯವನಾಗಿ ಸೀಟು ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ನಾನೂ ಸಮುದ್ರ ನೋಡಿರಲಿಲ್ಲ.

ಮುಂದಿನ ತಿಂಗಳು ಹೊರಟೆವು. ಇಳಿದ ಕೂಡಲೇ ಹತ್ತು ಹೆಂಗಸರೂ ಸೀರೆ ಎತ್ತಿಕಟ್ಟಿ ನೀರಿಗೆ ಓಡಿದರು. ನೀಲಕ್ಕ ಮಾತ್ರ ನಾನು ಒಲೆ ಹಚ್ಚಿ ಬೇಳೆಗಿಟ್ಟ ಮೇಲೂ ಮರಳಿನಲ್ಲೇ ನಿಂತು, ಅಷ್ಟು ನೀರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಏನು ಹೇಳಬೇಕೋ ತಿಳಿಯಲಿಲ್ಲವೇನೋ, ಹೊಸ ಸೆಟ್ಟನ್ನು ನಾಲಿಗೆಯಿಂದ ಸರಿಪಡಿಸಿಕೊಂಡು ಜೋರಾಗಿ ಒಂದು ಶಿಳ್ಳೆ ಹಾಕಿದಳು. ನಲವತ್ತೆಂಟು ವರ್ಷದಲ್ಲಿ ಅವಳು ಬರೀ ಖುಷಿಗೆ ಹಾಕಿದ ಮೊದಲ ಶಿಳ್ಳೆ ಅದು. ನೀರಿನಲ್ಲಿದ್ದ ಹತ್ತೂ ಜನ ಗಕ್ಕನೆ ನಿಂತು ಸೊಂಟದಲ್ಲಿದ್ದ ಫೋನನ್ನು ತಡಕಿಕೊಂಡರು. ಯಾವ ಫೋನೂ ಬೆಳಗಲಿಲ್ಲ.

"ಏನೂ ಖರ್ಚಾಗ್ಲಿಲ್ಲ ಕಣ್ರೇ!" ಎಂದು ನೀಲಕ್ಕ ಅವರಿಗೆ ಕೂಗಿ ಹೇಳಿ ಮತ್ತೊಂದು ಹಾಕಿದಳು. ಅಲ್ಲಲ್ಲಿ ತಪ್ಪಿತು, ಕೊನೆಯಲ್ಲಿ ತುಸು ಗಾಳಿ ಸೋರಿತು. ನನ್ನ ಬೆನ್ನ ಹಿಂದೆ, ಮರಳಿನಲ್ಲಿ ಹೂಡಿದ ಒಲೆಯ ಮೇಲೆ ಕುಕ್ಕರು ಅದೇ ಶಿಳ್ಳೆಯನ್ನು ಒಂದಿಷ್ಟೂ ತಪ್ಪದಂತೆ ಹಾಕಿತು.

ನೀಲಕ್ಕ ತಿರುಗಿ ನೋಡಿದಳು. "ನನಗಿಂತ ಅದಕ್ಕೇ ಚೆನ್ನಾಗಿ ಬರುತ್ತೆ ನೋಡು," ಎಂದಳು. "ಬರ್ಲಿ ಬಿಡು, ಈಗ ಇಬ್ರೂ ಹಾಕ್ಬಹುದಲ್ಲ." ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಶಿಳ್ಳೆ ಹಾಕುತ್ತಲೇ ನೀರಿಗೆ ಇಳಿದಳು.